ಡಿಸ್ಕ್‌ಮನ್ ಕಾಲದ ಹೆಡ್‌ಫೋನ್‌ಗಳಲ್ಲಿ ಇಂದು ಯಾವುದನ್ನು ಕೊಳ್ಳಬೇಕು?

ಬ್ಲೂಟೂತ್ ಹೆಡ್‌ಫೋನಿನ ಬ್ಯಾಟರಿ ಎರಡು ಮೂರು ವರ್ಷಕ್ಕೇ ಸೊರಗಿದ ಮೇಲೆ, ಇನ್ನು ತಂತಿ ಇರುವುದನ್ನೇ ಕೊಳ್ಳೋಣವೆಂದು ಹೊರಟ ಹಲವು ಓದುಗರು ಈಚೆಗೆ ಒಂದೇ ಬಗೆಯ ಗೊಂದಲವನ್ನು ಮುಂದಿಟ್ಟಿದ್ದಾರೆ. ಹುಡುಕಿದಲ್ಲೆಲ್ಲ ಇಪ್ಪತ್ತೈದು, ಮೂವತ್ತು, ನಲವತ್ತು ವರ್ಷ ಹಳೆಯ ಮಾದರಿಗಳ ಹೆಸರೇ ಎದುರಾಗುತ್ತದೆ: ಕಾಸ್ ಪೋರ್ಟಾ ಪ್ರೊ, ಗ್ರಾಡೋ ಎಸ್‌ಆರ್ 60, ಸೋನಿ ಎಂಡಿಆರ್-7506, ಸೆನ್‌ಹೈಸರ್ ಎಚ್‌ಡಿ 600, ಎಟಿಮೋಟಿಕ್ ಇಆರ್-4. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ತೆಗಳುತ್ತಾರೆ. ಐದೂ ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ. ಹಾಗಾದರೆ ಯಾವುದಕ್ಕೆ ದುಡ್ಡು ಹಾಕಬೇಕು?

ಉತ್ತರ ಹೇಳುವ ಮೊದಲು ಈ ಪಟ್ಟಿ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು, ಏಕೆಂದರೆ ಪಟ್ಟಿಯ ಗುಣವೂ ದೋಷವೂ ಅದು ಹುಟ್ಟಿದ ಬಗೆಯಲ್ಲೇ ಇವೆ. 1995ರಿಂದ 2005ರವರೆಗಿನ ಹತ್ತು ವರ್ಷಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಗೀತಾಸಕ್ತರ ಕೇಳುವ ಜಾಗ ಹಜಾರದಿಂದ ಮೇಜಿಗೆ ಬಂದಿತು. 1997ರಲ್ಲಿ ಕಂಪ್ಯೂಟರಿನಲ್ಲಿ ಹಾಡು ನುಡಿಸುವ ವಿನ್‌ಆಂಪ್ ತಂತ್ರಾಂಶ, 1999ರಲ್ಲಿ ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್, 2001ರ ಅಕ್ಟೋಬರಿನಲ್ಲಿ 5 ಗಿಗಾಬೈಟಿನ ಮೊದಲ ಐಪಾಡ್ ಬಂದವು. ಕಂಪ್ಯೂಟರೇ ಸಂಗೀತದ ಪೆಟ್ಟಿಗೆಯಾಯಿತು. ಹಾಸ್ಟೆಲಿನಲ್ಲಿ, ತೆಳು ಗೋಡೆಯ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಸ್ಪೀಕರಿಗೆ ಜಾಗವೂ ಇಲ್ಲ, ನೆರೆಯವರ ಸಹನೆಯೂ ಇಲ್ಲ. ಸ್ಪೀಕರಿನಲ್ಲಿ ಸಾವಿರಾರು ಡಾಲರ್ ಸುರಿದರೆ ಸಿಗುವ ಸೂಕ್ಷ್ಮತೆ ಹೆಡ್‌ಫೋನಿನಲ್ಲಿ ಕೆಲವು ನೂರಕ್ಕೆ ಸಿಗುತ್ತದೆ ಎಂಬುದನ್ನು ಆ ಪೀಳಿಗೆ ಕಂಡುಕೊಂಡಿತು. ಆದರೆ ಸಾಮಾನ್ಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇಂಥ ಹೆಡ್‌ಫೋನನ್ನು ಕಿವಿಗಿಟ್ಟು ನೋಡುವ ಅವಕಾಶವಿರಲಿಲ್ಲ. ಆದ್ದರಿಂದ ಬೇರೆಯವರು ಇಂಟರ್ನೆಟ್ಟಿನಲ್ಲಿ ಬರೆದ ಅನುಭವವನ್ನು ಓದಿ, ಕೇಳದೆಯೇ, ನ್ಯೂಯಾರ್ಕಿನ ಜೆ ಆ್ಯಂಡ್ ಆರ್‌ನಂಥ ದೊಡ್ಡ ಅಂಗಡಿಯಿಂದಲೋ, ಮೊಂಟಾನಾದ ಬೋಸ್‌ಮನ್ ಊರಿನಿಂದ ಹೆಡ್‌ಫೋನ್‌ಗಳನ್ನೇ ಅಂಚೆಯಲ್ಲಿ ಮಾರುತ್ತಿದ್ದ ಹೆಡ್‌ರೂಮ್‌ನಂಥ ಕಂಪನಿಯಿಂದಲೋ ತರಿಸಿಕೊಳ್ಳುತ್ತಿದ್ದರು. ಹಿಡಿಸದಿದ್ದರೆ ಹಿಂದಿರುಗಿಸುತ್ತಿದ್ದರು, ಇಲ್ಲವೇ ಸ್ವಲ್ಪ ನಷ್ಟಕ್ಕೆ ಇನ್ನೊಬ್ಬ ಹವ್ಯಾಸಿಗೆ ಮಾರಿ ಮುಂದಿನದನ್ನು ಕೊಳ್ಳುತ್ತಿದ್ದರು. ಕೈಯಿಂದ ಕೈಗೆ ಹೀಗೆ ಸುತ್ತಿ ಸುತ್ತಿ, ಕೊನೆಗೂ ಯಾರೂ ಮಾರಲು ಇಷ್ಟಪಡದೆ ಉಳಿಸಿಕೊಂಡವೇ ಈ ಪಟ್ಟಿಯಾದವು. ಜರಡಿ ಒಳ್ಳೆಯದೇ. ಆದರೆ ಹೊಗಳಿಕೆಯನ್ನು ಬರೆದವರು ತಾವು ಎಲ್ಲಿ ಕುಳಿತು, ಯಾವುದಕ್ಕೆ ಚುಚ್ಚಿ, ಏನನ್ನು ಕೇಳಿದೆವು ಎಂಬುದನ್ನು ಬಹುಪಾಲು ಹೇಳಲೇ ಇಲ್ಲ.

ನಮ್ಮ ಕಡೆಯ ಕಥೆ ಬೇರೆ. ಸರ್ಕಾರಿ ದೂರಸಂಪರ್ಕ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಕುಳಿತು ಆ ಅನುಭವಗಳನ್ನು ಓದಬಹುದಿತ್ತು, ವಸ್ತುವನ್ನು ಮಾತ್ರ ಕೊಳ್ಳುವಂತಿರಲಿಲ್ಲ. ಅಮೆರಿಕದಿಂದ ರಜೆಗೆ ಬರುವ ನೆಂಟರ ಸೂಟ್‌ಕೇಸೇ ನಮ್ಮ ಅಂಗಡಿ. ಡಾಲರಿಗೆ ಸುಮಾರು 47 ರೂಪಾಯಿ ಇದ್ದ 2001ರ ಹೊತ್ತಿನಲ್ಲಿ, 449 ಡಾಲರ್ ಪಟ್ಟಿಬೆಲೆಯ ಎಚ್‌ಡಿ 600 ಎಂದರೆ ಇಪ್ಪತ್ತೊಂದು ಸಾವಿರ. ಹಿಂದಿರುಗಿಸುವ ಮಾತೇ ಇಲ್ಲ. ಇಂದು ಮನೆಬಾಗಿಲಿಗೇ ಬರುತ್ತದಾದರೂ, ಕೇಳಿ ನೋಡಿ ಕೊಳ್ಳುವ ಸೌಕರ್ಯ ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ಈಗಲೂ ಇಲ್ಲ. ಆದ್ದರಿಂದ ಒಮ್ಮೆಗೇ ಸರಿಯಾಗಿ ಆರಿಸುವುದು ನಮಗೆ ಅವರಿಗಿಂತ ಹೆಚ್ಚು ಮುಖ್ಯ.

ಮೊದಲು ಅಳತೆಗೋಲು

ನನ್ನ ಮೊದಲ ಪ್ರಶ್ನೆ ಹೆಡ್‌ಫೋನಿನದಲ್ಲ, ಜಾಗದ್ದು. ಓಪನ್ ಬ್ಯಾಕ್ ಎಂದು ಕರೆಯುವ, ಹಿಂಬದಿಗೆ ಬರಿಯ ಜಾಲರಿ ಇರುವ ಹೆಡ್‌ಫೋನ್ ಎರಡೂ ಕಡೆಗೆ ಸೋರುತ್ತದೆ: ನಿಮ್ಮ ಹಾಡು ಪಕ್ಕದವರಿಗೂ ಕೇಳುತ್ತದೆ, ಪಕ್ಕದ ಮನೆಯ ಮಿಕ್ಸಿಯ ಸದ್ದು ನಿಮಗೂ ಕೇಳುತ್ತದೆ. ಅದಕ್ಕೆ ಪ್ರತಿಫಲವಾಗಿ ಧ್ವನಿ ಡಬ್ಬಿಯೊಳಗೆ ಸಿಕ್ಕಿಕೊಂಡಂತಿರದೆ ಬಿಡುಬೀಸಾಗಿರುತ್ತದೆ, ಕಿವಿಯೂ ಕಡಿಮೆ ಬೆವರುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಇದೆಲ್ಲ ತಿರುವುಮುರುವು. ಐದರಲ್ಲಿ ಕಾಸ್, ಗ್ರಾಡೋ, ಸೆನ್‌ಹೈಸರ್ ತೆರೆದವು, ಸೋನಿ ಮುಚ್ಚಿದ್ದು, ಎಟಿಮೋಟಿಕ್ ಕಿವಿಯ ನಾಳದೊಳಗೇ ಹೋಗುವಂಥದ್ದು. ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಅರ್ಧ ಪಟ್ಟಿ ತಾನಾಗಿಯೇ ಅಳಿಯುತ್ತದೆ.

ಎರಡನೆಯದು, ಅದನ್ನು ಯಾವುದಕ್ಕೆ ಚುಚ್ಚುತ್ತೀರಿ ಎಂಬುದು. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಓಮ್ ಲೆಕ್ಕದಲ್ಲಿ ಬರೆದಿರುವ ಇಂಪೀಡೆನ್ಸ್, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆ, ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಮಿಲಿವಾಟ್ ಶಕ್ತಿಯನ್ನು ತಲುಪಿಸಲು 32 ಓಮಿನ ಹೆಡ್‌ಫೋನಿಗೆ ಸುಮಾರು 0.18 ವೋಲ್ಟ್ ಸಾಕು. 60 ಓಮಿಗೆ 0.25 ವೋಲ್ಟ್ ಬೇಕು. 300 ಓಮಿಗೆ 0.55 ವೋಲ್ಟ್ ಬೇಕು. ಎರಡು ಪೆನ್ಸಿಲ್ ಸೆಲ್ಲುಗಳ 3 ವೋಲ್ಟಿನ ಮೇಲೆ ಓಡುತ್ತಿದ್ದ ಅಂದಿನ ಡಿಸ್ಕ್‌ಮನ್ ಎಂಬ ಪುಟ್ಟ ಸಿಡಿ ಪ್ಲೇಯರುಗಳಿಗೆ, ಸಂಗೀತದ ಏರುಗಳನ್ನು ಹರಿಯದಂತೆ ಒದಗಿಸುವಾಗ, ಈ ವ್ಯತ್ಯಾಸವೇ ಏದುಸಿರು ತರಿಸುತ್ತಿತ್ತು. ಇಂದಿನ ಹಲವು ಫೋನುಗಳಲ್ಲಿ ಹೆಡ್‌ಫೋನ್ ಜಾಕೇ ಇಲ್ಲವಾಗಿರುವುದರಿಂದ ಯುಎಸ್‌ಬಿ-ಸಿ ಅಡಾಪ್ಟರ್ ಬೇಕಾಗುತ್ತದೆ. ಆ್ಯಪಲ್ ಕಂಪನಿಯ ಬೆರಳುದ್ದದ ಅಡಾಪ್ಟರ್ ಸುಮಾರು 1 ವೋಲ್ಟ್ ಕೊಡುತ್ತದೆ, ಯೂರೋಪಿಗೆಂದು ಮಾಡಿದ ಅದರ ಮಾದರಿ ಅದರ ಅರ್ಧದಷ್ಟನ್ನು ಮಾತ್ರ. ಚಿಕ್ಕ ವಿಷಯವೆನಿಸಬಹುದು, 300 ಓಮಿನ ಮುಂದೆ ಅದು ಚಿಕ್ಕದಲ್ಲ.

ಮೂರನೆಯದು ನೀವು ಕೇಳುವ ಸಂಗೀತ, ಅದಕ್ಕಿಂತಲೂ ಹೆಚ್ಚಾಗಿ ಅದರ ಧ್ವನಿಮುದ್ರಣ. ನಮ್ಮಲ್ಲಿ ಅನೇಕರು ಕೇಳುವುದು 78 ಆರ್‌ಪಿಎಂ ತಟ್ಟೆಯಿಂದ ಎತ್ತಿಕೊಂಡ ಮಲ್ಲಿಕಾರ್ಜುನ ಮನ್ಸೂರರನ್ನು, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಭಾವಗೀತೆಗಳನ್ನು, ಆಕಾಶವಾಣಿಯ ಕಛೇರಿಗಳನ್ನು. ಮೇಲಿನ ಸ್ವರಗಳನ್ನು ಎತ್ತಿ ತೋರಿಸುವ ಹೆಡ್‌ಫೋನಿನಲ್ಲಿ ಇವುಗಳ ಹಿಸ್ಸೆನ್ನುವ ಸದ್ದೂ ಮುಳ್ಳಿನ ಕೆರೆತವೂ ಹಾಡುಗಾರರಿಗಿಂತ ಮುಂದೆ ಬಂದು ಕೂರುತ್ತವೆ. ಪಾಶ್ಚಾತ್ಯ ರಾಕ್ ಸಂಗೀತ ಕೇಳಿ ಬರೆದ ಹೊಗಳಿಕೆಗಳಲ್ಲಿ ಈ ಮಾತು ಬರುವುದೇ ಇಲ್ಲ.

ನಾಲ್ಕನೆಯದು ದುರಸ್ತಿ: ಇಯರ್‌ಪ್ಯಾಡ್, ಕೇಬಲ್, ತಲೆಯ ಮೇಲಿನ ಪಟ್ಟಿ ಬಿಡಿಯಾಗಿ ಸಿಗುತ್ತವೆಯೇ, ಮನೆಯಲ್ಲೇ ಬದಲಿಸಬಹುದೇ? ಮಂಗಳೂರಿನ ಸೆಕೆಯಲ್ಲಿ ಸ್ಪಂಜೂ ಕೃತಕ ಚರ್ಮವೂ ಬೇಗ ಸಾಯುವುದರಿಂದ ಇದು ಕೊನೆಗೆ ನೋಡುವ ವಿಷಯವಲ್ಲ. ದುಡ್ಡಿನ ಪ್ರಶ್ನೆಯನ್ನು ಇದರ ನಂತರ ಕೇಳಬೇಕು, ಕೇಳುವಾಗಲೂ ಹೆಡ್‌ಫೋನಿನ ಬೆಲೆಯನ್ನಷ್ಟೇ ಅಲ್ಲದೆ ಅದು ಕೇಳುವ ಆಂಪ್ಲಿಫೈಯರ್, ಅಡಾಪ್ಟರ್, ಪ್ಯಾಡುಗಳ ಬೆಲೆಯನ್ನೂ ಕೂಡಿಸಿ ಕೇಳಬೇಕು.

ಅಗ್ಗದ ತುದಿ: ಕಾಸ್ ಮತ್ತು ಗ್ರಾಡೋ

ಮಿಲ್ವಾಕಿಯ ಕಾಸ್ ಕಂಪನಿ 1958ರಲ್ಲೇ ಸ್ಟೀರಿಯೋ ಹೆಡ್‌ಫೋನ್ ಮಾಡಿದ್ದು. ಪೋರ್ಟಾ ಪ್ರೊ ಅದರ 1984ರ ಮಾದರಿ. ವಾಕ್‌ಮನ್‌ಗಾಗಿ ಹುಟ್ಟಿದ ಇದರ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ: ತೆಳುವಾದ ಲೋಹದ ಪಟ್ಟಿ, ನೀಲಿ ಮುಖದ ಪುಟ್ಟ ತಟ್ಟೆಗಳು, ಕಿವಿಯ ಮೇಲಿನ ಒತ್ತಡವನ್ನು ಕಣತಲೆಗೆ ವರ್ಗಾಯಿಸುವ ಒಂದು ಜಾರುಗುಂಡಿ. ಮಡಿಸಿದರೆ ಅಂಗೈಯಲ್ಲಿ ಹಿಡಿಸುತ್ತದೆ. 60 ಓಮ್ ಇದ್ದರೂ ಸಂವೇದನೆ, ಅಂದರೆ ಒಂದು ಮಿಲಿವಾಟಿಗೆ ಅದು ಕೊಡುವ ಸದ್ದು, 101 ಡೆಸಿಬೆಲ್ ಇರುವುದರಿಂದ ಯಾವ ಫೋನಿಗೂ, ಯಾವ ಅಗ್ಗದ ಅಡಾಪ್ಟರಿಗೂ ಇದು ಹೊರೆಯಲ್ಲ. ಧ್ವನಿ ಬೆಚ್ಚಗಿದೆ, ಬೇಸ್ ತುಸು ಹೆಚ್ಚು; ಮೃದಂಗದ ಎಡಗಡೆಗೆ ಹಚ್ಚಿದ ರವೆಯ ತೂಕದಿಂದ ಹುಟ್ಟುವ ಗುಮುಕಿ ಇರಬೇಕಾದ್ದಕ್ಕಿಂತ ದಪ್ಪಗೆ ಕೇಳುತ್ತದೆ, ತಂಬೂರಿಯ ಮೇಲಿನ ಎಳೆಗಳು ಮಂಜಾಗುತ್ತವೆ. ಹಳೆಯ ಕ್ಯಾಸೆಟ್ಟಿನ ಹಾಡುಗಳಿಗೆ ಮಾತ್ರ ಈ ಮಂಜೇ ವರ. ಸ್ಪಂಜಿನ ಪ್ಯಾಡುಗಳು ವರ್ಷೊಪ್ಪತ್ತಿನಲ್ಲಿ ಪುಡಿಯಾಗುತ್ತವೆ, ಆದರೆ ಬದಲಿ ಬಹಳ ಅಗ್ಗ. ಉದ್ದ ಕೂದಲಿನವರಿಗೆ ಲೋಹದ ಪಟ್ಟಿಯ ಸಂದಿ ಕೂದಲನ್ನು ಎಳೆಯುತ್ತದೆಂಬ ದೂರು ಮೊದಲಿನಿಂದಲೂ ಇದೆ. ಅಂಥವರು ಅದೇ ಕಂಪನಿಯ ಕೆಎಸ್‌ಸಿ75 ಎಂಬ, ಪಟ್ಟಿಯೇ ಇಲ್ಲದೆ ಕಿವಿಗೆ ಕೊಕ್ಕೆಯಂತೆ ಸಿಕ್ಕಿಸುವ ಮಾದರಿಯನ್ನು ನೋಡಬಹುದು. ಅದು ಪೋರ್ಟಾ ಪ್ರೊಗಿಂತಲೂ ಅಗ್ಗ, ಮೇಲಿನ ಸ್ವರಗಳಲ್ಲಿ ಅದಕ್ಕಿಂತ ಚುರುಕು. ಮೊದಲ ಬಾರಿ ತಂತಿಯ ಹೆಡ್‌ಫೋನಿಗೆ ಮರಳುವವರಿಗೆ ಕಾಸ್‌ಗಿಂತ ಕಡಿಮೆ ಅಪಾಯದ ದಾರಿ ನನಗೆ ಕಂಡಿಲ್ಲ.

ಗ್ರಾಡೋದ ದಾರಿ ಬೇರೆ. 1953ರಿಂದ ಗ್ರಾಮಫೋನ್ ಕಾರ್ಟ್ರಿಡ್ಜ್‌ಗಳನ್ನು ಮಾಡುತ್ತಿದ್ದ ಬ್ರೂಕ್ಲಿನ್‌ನ ಈ ಕುಟುಂಬ 1990ರ ದಶಕದಲ್ಲಿ 69 ಡಾಲರಿಗೆ ಎಸ್‌ಆರ್ 60 ಹೆಡ್‌ಫೋನನ್ನು ಮಾರುಕಟ್ಟೆಗೆ ಬಿಟ್ಟಾಗ, ಆ ಬೆಲೆಗೆ ಅಂಥ ಜೀವಂತಿಕೆ ಇರಲೇ ಇಲ್ಲವೆಂದು ಎಲ್ಲರೂ ಒಪ್ಪಿಕೊಂಡರು. ಇಂದಿನ ಎಸ್‌ಆರ್ 60ಎಕ್ಸ್ ಅದರ ನೇರ ಸಂತಾನ, ಅಮೆರಿಕದಲ್ಲಿ 99 ಡಾಲರ್ ಬೆಲೆಗೆ ಬಂದದ್ದು. ಗಿಟಾರ್, ತಬಲಾ, ಸಂತೂರ್‌ನಂಥ ಮೀಟು-ಪೆಟ್ಟಿನ ವಾದ್ಯಗಳು ಇದರಲ್ಲಿ ಎದುರಿಗೇ ಬಂದು ಕೂರುತ್ತವೆ. ಘಟದ ಮೇಲೆ ಬೆರಳ ಉಗುರು ಬಿದ್ದದ್ದೂ ಗೊತ್ತಾಗುತ್ತದೆ. ಆದರೆ ನಾಗಸ್ವರ ಅಥವಾ ತಾರಸ್ಥಾಯಿಯ ಪಿಟೀಲನ್ನು ಅರ್ಧ ಗಂಟೆ ಕೇಳಿದರೆ ತಲೆ ಚಿಟ್ಟು ಹಿಡಿಯುತ್ತದೆ. ಸವಕಲು ಧ್ವನಿಮುದ್ರಣಗಳಿಗೂ ಇದು ಕರುಣೆ ತೋರಿಸುವುದಿಲ್ಲ. ಒರಟು ಸ್ಪಂಜು ನೇರ ಕಿವಿಯ ಮೇಲೆ ಕೂರುವುದರಿಂದ ಒಂದು ಗಂಟೆಯ ಮೇಲೆ ತುರಿಕೆ ಶುರುವಾಗುತ್ತದೆ. ಈ ತೊಂದರೆಗೆ ಅಂದಿನವರು ಕಂಡುಕೊಂಡ ಉಪಾಯ ನೋಡಿದರೆ ಆ ಕಾಲದ ಹುರುಪು ಅರ್ಥವಾಗುತ್ತದೆ: 1968ರ ಸೆನ್‌ಹೈಸರ್ ಎಚ್‌ಡಿ 414 ಎಂಬ ಹೆಡ್‌ಫೋನಿನ ಹಳದಿ ಸ್ಪಂಜನ್ನು ತರಿಸಿ, ಅದರ ನಡುವೆ ನಾಣ್ಯದಷ್ಟು ಅಗಲದ ತೂತು ಕತ್ತರಿಸಿ, ಗ್ರಾಡೋಗೆ ತೊಡಿಸುತ್ತಿದ್ದರು. ಮೆತ್ತಗೂ ಆಗುತ್ತಿತ್ತು, ಮೇಲಿನ ಸ್ವರದ ಚೂಪೂ ಕುಗ್ಗುತ್ತಿತ್ತು. ಗ್ರಾಡೋ ತೀರ ತೆರೆದದ್ದು. ಇದನ್ನು ಹಾಕಿಕೊಂಡು ಆಫೀಸಿನಲ್ಲಿ ಕುಳಿತರೆ ಪಕ್ಕದ ಮೇಜಿನವರು ನೀವು ಕೇಳುತ್ತಿರುವ ರಾಗವನ್ನು ಗುರುತಿಸಿ ಹೇಳಬಲ್ಲರು. ಒಂಟಿ ಕೋಣೆ, ಒಳ್ಳೆಯ ಧ್ವನಿಮುದ್ರಣ, ಚಿಕ್ಕ ಬೈಠಕ್ಕು, ಈ ಮೂರೂ ಇದ್ದವರು ಮಾತ್ರ ಇದನ್ನು ಕೊಳ್ಳಲಿ ಎಂದು ನನ್ನ ಅಭಿಪ್ರಾಯ.

ದುಡಿಯುವ ಕುದುರೆ: ಸೋನಿ ಎಂಡಿಆರ್-7506

1985ರ ಎಂಡಿಆರ್-ವಿ6 ಮಾದರಿಯಿಂದ ಹೊರಟ, 1991ರಲ್ಲಿ ಸ್ಟುಡಿಯೋಗಳಿಗಾಗಿ ಬಂದ ಈ ಹೆಡ್‌ಫೋನ್ ರೇಡಿಯೋ ಕೇಂದ್ರಗಳಲ್ಲೂ ಚಿತ್ರೀಕರಣದ ಧ್ವನಿ ತಂತ್ರಜ್ಞರ ಕಿವಿಯಲ್ಲೂ ಇಂದಿಗೂ ಕಾಣುತ್ತದೆ. ನೀಲಿ ಪಟ್ಟಿ, ಟೆಲಿಫೋನಿನಂಥ ಸುರುಳಿ ತಂತಿ, ಮಡಿಸುವ ಕೀಲುಗಳು. 63 ಓಮ್ ಆದ್ದರಿಂದ ಫೋನಿಗೂ ಲ್ಯಾಪ್‌ಟಾಪಿಗೂ ಸುಲಭ. ತಪ್ಪು ಹುಡುಕಲೆಂದೇ ಮಾಡಿದ ಉಪಕರಣವಾದ್ದರಿಂದ ಮೈಕಿಗೆ ಬಡಿದ ಉಸಿರು, ಎಡಿಟಿಂಗಿನ ಜೋಡಣೆ, ಹಿಂದೆಲ್ಲೋ ತಿರುಗುವ ಫ್ಯಾನು ಎಲ್ಲವನ್ನೂ ಬೆರಳಿಟ್ಟು ತೋರಿಸುತ್ತದೆ. ಪಾಡ್‌ಕಾಸ್ಟ್ ಮಾಡುವವರಿಗೆ, ಆನ್‌ಲೈನ್ ಪಾಠ ಹೇಳುವವರಿಗೆ, ಮನೆಯಲ್ಲೇ ಹಾಡು ಮುದ್ರಿಸುವವರಿಗೆ ಬೇರೆ ಯೋಚನೆಯೇ ಬೇಡ. ಓಪನ್ ಬ್ಯಾಕ್ ಹೆಡ್‌ಫೋನ್ ಹಾಕಿಕೊಂಡು ಹಾಡಿದರೆ ಶ್ರುತಿಪೆಟ್ಟಿಗೆಯ ಸದ್ದು ಸೋರಿ ಮೈಕಿಗೆ ಸೇರುತ್ತದೆ, ಇದರಲ್ಲಿ ಆ ತೊಂದರೆ ಬಹಳ ಕಡಿಮೆ. ಸಂಜೆಯ ಕಾಲಕ್ಷೇಪಕ್ಕೆ ಇದು ಅಷ್ಟು ಹಿತವಲ್ಲ. ಸಕಾರ, ಶಕಾರಗಳು ಚುಚ್ಚುತ್ತವೆ, ಧ್ವನಿ ತಲೆಯ ಸುತ್ತ ಬಿಗಿದ ರುಮಾಲಿನಂತೆ ಹತ್ತಿರವೇ ಸುತ್ತುತ್ತದೆ. ಇದರ ತೆಳು ಕೃತಕ ಚರ್ಮದ ಪ್ಯಾಡುಗಳು ಕೆಲವು ವರ್ಷಗಳಲ್ಲಿ ಕಪ್ಪು ಹೊಟ್ಟಿನಂತೆ ಉದುರಿ ಕೆನ್ನೆಗೆ ಅಂಟಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಸ ಪ್ಯಾಡ್ ಹಾಕುವುದು ಹತ್ತು ನಿಮಿಷದ ಕೆಲಸ. ಕೇಬಲ್ ಮಾತ್ರ ಒಳಗೇ ಬೆಸೆದದ್ದು. ಅದು ಹೋದರೆ ಸಾಲ್ಡರಿಂಗ್ ಬಲ್ಲವರ ಬಳಿ ಹೋಗಬೇಕು.

ಹೀಗೆ ಮುಚ್ಚಿದ್ದೇ ಬೇಕು, ಆದರೆ ಮೈಮರೆತು ಕೇಳುವುದಕ್ಕೂ ಬೇಕು ಎನ್ನುವವರು ಜರ್ಮನಿಯ ಹೈಲ್‌ಬ್ರಾನ್ ಊರಿನ ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಕಡೆಗೆ ಒಮ್ಮೆ ಕಣ್ಣು ಹಾಯಿಸಬಹುದು. ಅದರ ಹೆಚ್ಚಿನ ಮಾದರಿಗಳ ವೆಲ್ವೆಟ್ಟಿನಂಥ ಪ್ಯಾಡುಗಳು ನಮ್ಮ ಹವೆಗೆ ಕೃತಕ ಚರ್ಮಕ್ಕಿಂತ ವಾಸಿ. ಹಲವು ಓಮ್‌ಗಳಲ್ಲಿ ಬರುವುದರಿಂದ ಪೆಟ್ಟಿಗೆಯ ಮೇಲಿನ ಅಂಕಿ ನೋಡದೆ ಕೊಳ್ಳಬೇಡಿ. ಫೋನಿಗೆಂದು 250 ಓಮಿನದನ್ನು ತಂದುಕೊಂಡು ಸದ್ದೇ ಸಾಲದೆಂದು ಪರಿತಪಿಸುವವರು ಈಗಲೂ ಇದ್ದಾರೆ.

ಸೆನ್‌ಹೈಸರ್ ಎಚ್‌ಡಿ 600, ಮತ್ತು ಒಂದು ಜಾಮಿಟ್ರಿ ಬಾಕ್ಸ್

ಆ ಹತ್ತು ವರ್ಷಗಳ ಚರ್ಚೆಯೆಲ್ಲ ಸುತ್ತಿ ಬಂದು ನಿಲ್ಲುತ್ತಿದ್ದದ್ದು 1997ರ ಈ ಹೆಡ್‌ಫೋನಿನ ಮುಂದೆ. ಇದರ ಹಿಂದಿನ ಎಚ್‌ಡಿ 580 ಮತ್ತು 2003ರಲ್ಲಿ ಬಂದ ಎಚ್‌ಡಿ 650 ಒಂದೇ ಮನೆತನದವು, ಎಷ್ಟೆಂದರೆ ಹಲವು ಬಿಡಿಭಾಗಗಳು ಒಂದರಿಂದ ಇನ್ನೊಂದಕ್ಕೆ ಕೂರುತ್ತವೆ. ಎಚ್‌ಡಿ 580 ಅಗ್ಗಕ್ಕೆ ಸಿಕ್ಕಿದರೆ ಕೊಂಡು, ಎಚ್‌ಡಿ 600ರ ಲೋಹದ ಜಾಲರಿಯನ್ನು ಬಿಡಿಯಾಗಿ ತರಿಸಿ ಅದಕ್ಕೆ ಹಾಕಿ, ಎಚ್‌ಡಿ 650ರ ದಪ್ಪ ಕೇಬಲ್ ಸಿಕ್ಕಿಸುವುದು ಅಂದಿನ ಜಾಣ ಹವ್ಯಾಸಿಗಳ ನೆಚ್ಚಿನ ಲೆಕ್ಕಾಚಾರ.

ನನ್ನದು ಸೂಟ್‌ಕೇಸಿನಲ್ಲಿ ಬಂದದ್ದು. ಸ್ಯಾನ್ ಹೋಸೆಯಲ್ಲಿದ್ದ ಚಿಕ್ಕಪ್ಪನ ಮಗ 2002ರಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದುಕೊಟ್ಟ. ಅವತ್ತೇ ರಾತ್ರಿ ಮನೆಯ ಕಂಪ್ಯೂಟರಿನ ಹಿಂಬದಿಯ ಹಸಿರು ತೂತಿಗೆ ಚುಚ್ಚಿ ಕೇಳಿದರೆ, ಇಷ್ಟು ದುಡ್ಡು ಕೊಟ್ಟು ತರಿಸಿದ್ದು ಇದನ್ನೇ ಎನಿಸಿತು: ಸಪ್ಪೆ, ಸಣ್ಣ ಸದ್ದು, ಹಿನ್ನೆಲೆಯಲ್ಲಿ ಹಾರ್ಡ್ ಡಿಸ್ಕ್ ತಿರುಗಿದ ಕಿರುಗುಟ್ಟುವಿಕೆ. ತಪ್ಪು ಹೆಡ್‌ಫೋನಿನದಲ್ಲ, 300 ಓಮಿಗೆ ಬೇಕಾದ ವೋಲ್ಟೇಜು ಅಲ್ಲಿರಲಿಲ್ಲ. ಆ ದಿನಗಳಲ್ಲಿ ಇದಕ್ಕೊಂದು ಜನಪ್ರಿಯ ಮದ್ದಿತ್ತು. ಚು ಮಾಯ್ ಎಂಬುವವರು 1990ರ ದಶಕದ ಕೊನೆಗೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಒಂದು ಪುಟ್ಟ ಆಂಪ್ಲಿಫೈಯರಿನ ನಕ್ಷೆ. 9 ವೋಲ್ಟಿನ ಒಂದು ಬ್ಯಾಟರಿ, ಆಪ್-ಆಂಪ್ ಐಸಿ, ಕೈಬೆರಳಲ್ಲಿ ಎಣಿಸುವಷ್ಟು ರೆಸಿಸ್ಟರು, ಕೆಪಾಸಿಟರು. ಅಮೆರಿಕದವರು ಅದನ್ನು ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಕೂರಿಸುತ್ತಿದ್ದರು. ನಾನು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದು ಸಾಮಾನು ಕೂಡಿಸಿ, ಶಾಲೆಯ ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ ಅದನ್ನು ಕೂರಿಸಿದೆ. ಕೈವಾರ ಇಡುವ ಕುಳಿಯಲ್ಲಿ ಬ್ಯಾಟರಿ ಹೊಂದಿಕೊಂಡಿತು. ಮುಚ್ಚಳದ ಒಳಗಿನ ಮಗ್ಗಿ ಹಾಗೆಯೇ ಉಳಿಯಿತು. ಡಿಸ್ಕ್‌ಮನ್‌ನ ಲೈನ್ ಔಟ್‌ನಿಂದ ಅದಕ್ಕೆ, ಅದರಿಂದ ಹೆಡ್‌ಫೋನಿಗೆ. ಆಗ ಕೇಳಿದ್ದು ಬೇರೆಯೇ: ತಂಬೂರಿಯ ಜೀವಾಳಿ ಒಂದೊಂದು ತಂತಿಗೂ ಬೇರೆ ಬೇರೆಯಾಗಿ ಬಿಚ್ಚಿಕೊಂಡಿತು, ಹಾಡುಗಾರ ಮೈಕಿನಿಂದ ಮುಖ ತಿರುಗಿಸಿ ಪಕ್ಕವಾದ್ಯದವರಿಗೆ ಶಹಭಾಸ್ ಎಂದದ್ದು ಎಡಗಡೆಯಿಂದ ಬಂತು.

ಎಚ್‌ಡಿ 600ರ ಬಲವಿರುವುದು ಮನುಷ್ಯಕಂಠದಲ್ಲಿ. ಮಧ್ಯದ ಸ್ವರಗಳನ್ನು ಇಷ್ಟು ಸಹಜವಾಗಿ, ಇಷ್ಟು ಆಯಾಸವಿಲ್ಲದೆ ಕೇಳಿಸುವ ಹೆಡ್‌ಫೋನ್ ಅದರ ಬೆಲೆಯಲ್ಲಿ ಇಂದಿಗೂ ವಿರಳ. ಗಾಯನ, ವೀಣೆ, ಸಾರಂಗಿ ಕೇಳುವವರಿಗೆ ನಾನು ಎರಡನೆಯ ಹೆಸರು ಹೇಳುವುದಿಲ್ಲ. ತೀರ ಕೆಳಗಿನ ಬೇಸ್ ಇದರಲ್ಲಿ ಕ್ಷೀಣಿಸುತ್ತದೆ, ಆದ್ದರಿಂದ ಇಂದಿನ ಚಿತ್ರಗೀತೆಗಳ ಎದೆಗುದ್ದುವ ಡ್ರಮ್ ಬಯಸುವವರಿಗೆ ನಿರಾಸೆಯಾಗಬಹುದು. ಹೊಸದಾಗಿದ್ದಾಗ ತಲೆಯನ್ನು ಇಕ್ಕಳದಂತೆ ಹಿಡಿಯುತ್ತದೆ, ಕೆಲವು ವಾರಗಳಲ್ಲಿ ಸಡಿಲಾಗುತ್ತದೆ. ದುರಸ್ತಿಯ ವಿಷಯದಲ್ಲಿ ಐದರಲ್ಲಿ ಇದಕ್ಕೆ ಸಾಟಿಯಿಲ್ಲ: ಪ್ಯಾಡ್, ಕೇಬಲ್, ಜಾಲರಿ, ತಲೆಪಟ್ಟಿ ಎಲ್ಲವನ್ನೂ ಕೈಯಲ್ಲೇ ಬಿಚ್ಚಿ ಬದಲಿಸಬಹುದು. ಅದರ ಮೊದಲ ಬೆಲೆ ಹೆಚ್ಚೆನಿಸಿದರೂ ಹದಿನೈದು ವರ್ಷಕ್ಕೆ ಹಂಚಿದಾಗ ಬೇರೆಯದೇ ಲೆಕ್ಕ ಬರುವುದು ಇದರಿಂದಲೇ.

ಆಂಪ್ಲಿಫೈಯರಿನ ಚಿಂತೆ ಇಂದು ಅಷ್ಟಿಲ್ಲ. 1 ವೋಲ್ಟ್ ಕೊಡುವ ಅಡಾಪ್ಟರಿನಿಂದ ಇದಕ್ಕೆ ಸುಮಾರು 3.3 ಮಿಲಿವಾಟ್ ಸಿಗುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಮಧ್ಯಮ ಗಟ್ಟಿಯಾಗಿ ಕೇಳುವವರಿಗೆ ಅದು ಸಾಕಾಗುತ್ತದೆ, ಮೆಲುದನಿಯಲ್ಲಿ ಮುದ್ರಿಸಿದ ಹಳೆಯ ಕಛೇರಿಗಳಿಗೆ ಕೊಂಚ ಸಾಲದು. ಹಾಗಾಗಿ ಮೊದಲು ಹೆಡ್‌ಫೋನನ್ನಷ್ಟೇ ಕೊಂಡು ತಿಂಗಳೊಪ್ಪತ್ತು ಕೇಳಿ, ವಾಲ್ಯೂಮ್ ಯಾವಾಗಲೂ ತುದಿಗೇ ಹೋಗುತ್ತಿದ್ದರೆ ಮಾತ್ರ ಚಿಕ್ಕ ಆಂಪ್ಲಿಫೈಯರ್ ತರಿಸಿ. ಅಂದಿನವರು ಇಲ್ಲೇ ಜಾರಿದ್ದು. ಹೆಡ್‌ಫೋನಿಗೆ ಆಂಪ್, ಆಂಪಿಗೆ ತಕ್ಕ ಸಿಡಿ ಪ್ಲೇಯರ್, ಅವೆರಡರ ನಡುವೆ ಬೆಳ್ಳಿಯ ತಂತಿ, ಆಮೇಲೆ ಆ ತಂತಿಗೆ ಹೊಂದುವ ಬೇರೆ ಹೆಡ್‌ಫೋನ್ ಎಂದು ಕೊಂಡಿಗೆ ಕೊಂಡಿ ಸೇರಿ, 300 ಡಾಲರಿನ ಆಸೆ ಎರಡು ಸಾವಿರ ದಾಟುತ್ತಿತ್ತು. ಕೇಬಲಿನ ಬದಲಾವಣೆಯಿಂದ ಸಂಗೀತ ಬದಲಾಯಿತೆಂದು ಬರೆದವರು ಎಷ್ಟೋ ಜನ. ನನ್ನ ಕಿವಿಗೆ ಅದು ಒಮ್ಮೆಯೂ ಕೇಳಿಸಿಲ್ಲ. ಅದೇ ಹಣದಲ್ಲಿ ಹತ್ತಾರು ಸಿಡಿಗಳು ಬರುತ್ತಿದ್ದವು.

ಇದೇ ಮನೆತನದ ಎಚ್‌ಡಿ 6ಎಕ್ಸ್‌ಎಕ್ಸ್ ಎಂಬ ಮಾದರಿ ಅಮೆರಿಕದಲ್ಲಿ ಸುಮಾರು 200 ಡಾಲರಿಗೆ ಬಂದಿತು. ಅದು ಎಚ್‌ಡಿ 650ಯನ್ನು ಹೋಲುತ್ತದೆ, ಸ್ವಲ್ಪ ಬೆಚ್ಚಗಿನ, ಹಿಂದೆ ಸರಿದು ಕೂತ ಧ್ವನಿ. ಹಿಸ್ಸೆನ್ನುವ ಹಳೆಯ ಮುದ್ರಣಗಳೇ ನಿಮ್ಮ ಸಂಗ್ರಹದಲ್ಲಿ ಹೆಚ್ಚಾಗಿದ್ದು, ಅಮೆರಿಕದಿಂದ ಬರುವವರು ಯಾರಾದರೂ ಇದ್ದರೆ, ಸೂಟ್‌ಕೇಸಿನ ಹಳೆಯ ದಾರಿ ಇಲ್ಲಿ ಈಗಲೂ ಲಾಭದ್ದೇ.

ಕಿವಿಯೊಳಗಿನ ಪ್ರಯೋಗಾಲಯ: ಎಟಿಮೋಟಿಕ್ ಇಆರ್-4

ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಪ್ರಯಾಣ ಮಾಡುವವರಿಗೆ ಮೇಲಿನ ಯಾವುದೂ ಸರಿಯಾದ ಉತ್ತರವಲ್ಲ. ಶ್ರವಣ ಸಾಧನಗಳ ಕ್ಷೇತ್ರದಲ್ಲಿ ಹೆಸರಾದ ಮೀಡ್ ಕಿಲಿಯನ್ ಅವರ ಇಲಿನಾಯ್ ರಾಜ್ಯದ ಕಂಪನಿ 1991ರಲ್ಲಿ ಇಆರ್-4 ಅನ್ನು ಹೊರತಂದಾಗ, ಕಿವಿಯೊಳಗೆ ಇಡುವ ಇಯರ್‌ಫೋನ್ ಗಂಭೀರ ಸಂಗೀತಕ್ಕೆ ಆದೀತೆಂದು ಹೆಚ್ಚಿನವರು ನಂಬಿರಲಿಲ್ಲ. ಬಳಸಿದ್ದು ಶ್ರವಣ ಸಾಧನದ ತಂತ್ರವನ್ನೇ: ಕಿವಿಯ ನಾಳದೊಳಗೆ ಆಳಕ್ಕೆ ಇಳಿಯುವ, ಮೂರು ಮಡಿಕೆಯ ಕೊಡೆಯಂಥ ರಬ್ಬರು, ಅದರ ಹಿಂದೆ ಬ್ಯಾಲೆನ್ಸ್‌ಡ್ ಆರ್ಮೆಚರ್ ಎನ್ನುವ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಧ್ವನಿಯಂತ್ರ. ಸರಿಯಾಗಿ ಕೂತರೆ ಹೊರಗಿನ ಸದ್ದು 35 ಡೆಸಿಬೆಲ್‌ಗಿಂತ ಹೆಚ್ಚು ಇಳಿಯುತ್ತದೆ, ಬ್ಯಾಟರಿಯ ಹಂಗಿಲ್ಲದೆ.

ಇದರ ಬೆಲೆ ಅಂದು 330 ಡಾಲರ್; ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿಗೆ ಇಷ್ಟೊಂದೇ ಎಂದು ನಕ್ಕವರೂ ಇದ್ದರು. ಆದರೆ ಕಿವಿಯ ಆರೋಗ್ಯದ ಲೆಕ್ಕವನ್ನು ಹಿಡಿದರೆ ಅದು ಬೇರೆಯಾಗಿ ಕಾಣುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು, ಆಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಬಸ್ಸಿನ ಇಂಜಿನ್ನಿನ ಮೇಲೆ ಕೇಳಿಸಬೇಕೆಂದು ತೆರೆದ ಹೆಡ್‌ಫೋನಿನ ವಾಲ್ಯೂಮ್ ಏರಿಸಿದವರು ಈ ಗಡಿಯನ್ನು ಗೊತ್ತಿಲ್ಲದೆ ದಾಟುತ್ತಾರೆ. ಇಆರ್-4 ಹಾಕಿಕೊಂಡವರು ಮೆಲ್ಲಗೇ ಕೇಳಿ ಸುಖಪಡುತ್ತಾರೆ. ಆಗ ಇದರಲ್ಲಿ ಎರಡು ಮುಖ್ಯ ಬಗೆಗಳಿದ್ದವು: 27 ಓಮಿನ ಪಿ, 100 ಓಮಿನ ಎಸ್. ಪಿ ಕೊಂಡವರು 75 ಓಮಿನ ಒಂದು ತುಂಡು ತಂತಿ ಸೇರಿಸಿ ಅದನ್ನೇ ಎಸ್ ಆಗಿಸಿಕೊಳ್ಳುತ್ತಿದ್ದರು. 2016ರ ಮೇಲೆ ಬಂದ ಇಆರ್4ಎಸ್‌ಆರ್, ಇಆರ್4ಎಕ್ಸ್‌ಆರ್ ಎರಡೂ 45 ಓಮ್, ಎರಡನೆಯದರಲ್ಲಿ ಬೇಸ್ ಸ್ವಲ್ಪ ಹೆಚ್ಚು. ನಮ್ಮ ಅಭಿರುಚಿಗೆ ಅದೇ ವಾಸಿ.

ಅಡ್ಡಿಗಳೂ ಸಣ್ಣವಲ್ಲ. ಅಷ್ಟು ಆಳಕ್ಕೆ ಏನನ್ನಾದರೂ ಇಡುವುದು ಅನೇಕರಿಗೆ ಒಗ್ಗುವುದೇ ಇಲ್ಲ, ಒಗ್ಗುವವರಿಗೂ ವಾರ ಬೇಕು. ತಂತಿ ಅಂಗಿಗೆ ಉಜ್ಜಿದರೆ ಆ ಸದ್ದು ನೇರ ತಲೆಯೊಳಗೆ ಕೇಳುತ್ತದೆ. ಕಿವಿಯ ಕೊಳೆ ತಡೆಯುವ ಪುಟ್ಟ ಫಿಲ್ಟರನ್ನು ಆಗಾಗ ಬದಲಿಸುತ್ತಿರಬೇಕು, ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಇದನ್ನು ಹಾಕಿಕೊಂಡು ರಸ್ತೆ ದಾಟುವುದು ಮಾತ್ರ ಖಂಡಿತ ಬೇಡ, ಹಿಂದಿನ ಲಾರಿಯ ಹಾರನ್ನೂ ಕೇಳಿಸುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಕಡಿಮೆ ಹಣವಿರುವ ವಿದ್ಯಾರ್ಥಿ, ಅಥವಾ ತನಗೆ ಏನು ಇಷ್ಟವೆಂದು ಇನ್ನೂ ಗೊತ್ತಿಲ್ಲದವರು ಕಾಸ್ ಕೊಳ್ಳಲಿ. ಮುಂದೆ ಮೇಲಕ್ಕೆ ಹೋದರೂ ಅದು ಮನೆಯಲ್ಲಿ ಬಳಕೆಗೆ ಬರುತ್ತದೆ. ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಹಾಡು ಕೇಳುವವರಿಗೆ, ಮಾಸಿಕ ಕಂತಿನಲ್ಲಾದರೂ ಸರಿ, ಎಚ್‌ಡಿ 600 ಸರಿ. ಇವೆರಡರ ನಡುವಿನ ಬೆಲೆಯಲ್ಲಿ ಗ್ರಾಡೋ ಮತ್ತು ಸೋನಿ ಪೈಪೋಟಿ ಮಾಡುವಂತೆ ಕಂಡರೂ ನಿಜದಲ್ಲಿ ಅವು ಒಬ್ಬನೇ ಗಿರಾಕಿಯ ಮುಂದೆ ನಿಲ್ಲುವುದಿಲ್ಲ: ಧ್ವನಿಯ ಕೆಲಸ ಮಾಡುವವರಿಗೆ ಸೋನಿ, ಮೀಟುವ ವಾದ್ಯಗಳ ಹುಚ್ಚು ಹಿಡಿದವರಿಗೆ ಗ್ರಾಡೋ. ಮಧ್ಯಮ ಹಣವಿದ್ದು ಕೇಳುವುದು ಬರಿಯ ಗಾಯನವನ್ನಾದರೆ, ಇವೆರಡನ್ನೂ ಬಿಟ್ಟು ಕಾಸ್‌ನಲ್ಲೇ ಒಂದು ವರ್ಷ ಕಳೆದು, ಉಳಿಸಿದ್ದನ್ನು ಸೆನ್‌ಹೈಸರಿಗೆ ಹಾಕುವುದು ನಾನು ಮಾಡುವ ಕೆಲಸ. ದಿನಾಲೂ ಪ್ರಯಾಣ ಇರುವವರಿಗೆ ಎಟಿಮೋಟಿಕ್, ಕಿವಿ ಒಪ್ಪಿದರೆ. ಒಪ್ಪುತ್ತದೆಯೋ ಇಲ್ಲವೋ ತಿಳಿಯಲು ಅದೇ ಬಗೆಯ ಮೂರು ಮಡಿಕೆಯ ರಬ್ಬರಿರುವ, ಸದ್ದು ತಡೆಯುವ ಸಾಮಾನ್ಯ ಇಯರ್‌ಪ್ಲಗ್ಗನ್ನು ಮೊದಲು ಒಂದೆರಡು ದಿನ ಹಾಕಿ ನೋಡಿ; ನೂರಾರು ರೂಪಾಯಿಯಲ್ಲಿ ಸಾವಿರಾರು ಉಳಿಯಬಹುದು.

ಹಳೆಯದನ್ನೇ ಕೊಳ್ಳುವವರಿಗೆ ಒಂದು ಮಾತು. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರಿಗಾಗಿ ಸೆಕೆಂಡ್ ಹ್ಯಾಂಡ್ ಎಚ್‌ಡಿ 600 ನೋಡಲು ಹೋಗಿದ್ದೆ. ಬಲಕಿವಿ ಸತ್ತಿದೆ, ಒಳಗಿನ ಯಂತ್ರವೇ ಹೋಗಿರಬೇಕು ಎಂದು ಮಾರುವವರೇ ಬೇಸರದಿಂದ ಹೇಳಿದರು. ಬಲಗಡೆಯ ಎರಡು ಕಡ್ಡಿಯ ಪ್ಲಗ್ಗನ್ನು ಮೆಲ್ಲಗೆ ಅಲ್ಲಾಡಿಸಿದಾಗ ಸದ್ದು ಒಮ್ಮೆ ಬಂದು ಹೋಯಿತು. ಎಡಬಲದ ಪ್ಲಗ್ಗುಗಳನ್ನು ಅದಲುಬದಲು ಮಾಡಿ ಸಿಕ್ಕಿಸಿದಾಗ ಸತ್ತ ಕಿವಿ ಎಡಗಡೆಗೆ ಹೋಯಿತು. ಅಂದರೆ ಕೆಟ್ಟದ್ದು ಕೇಬಲ್, ಯಂತ್ರವಲ್ಲ. ನೀವೂ ಇದನ್ನೇ ಮಾಡಿ. ಪ್ಯಾಡುಗಳನ್ನು ಬೆರಳಿನಿಂದ ಒತ್ತಿ ಎಷ್ಟು ಬೇಗ ಮೇಲೇಳುತ್ತವೆ ನೋಡಿ, ಜಾಲರಿಯ ಹಿಂದಿನ ಸ್ಪಂಜು ಪುಡಿಯಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಒಂದೇ ಕಂಠವಿರುವ ಹಳೆಯ ಮೋನೋ ಹಾಡನ್ನು ಹಾಕಿ ಅದು ಹಣೆಯ ನಟ್ಟನಡುವೆ ನಿಲ್ಲುತ್ತದೆಯೇ ಎಂದು ಕೇಳಿ. ನಡುವೆ ನಿಂತರೆ ಎರಡೂ ಯಂತ್ರಗಳು ಸಮನಾಗಿವೆ. ಉಳಿದ ಪ್ಯಾಡು, ಕೇಬಲುಗಳ ಬೆಲೆಯನ್ನು ಅವರು ಹೇಳಿದ ಬೆಲೆಯಿಂದ ಕಳೆದು ಮಾತಾಡಿ.